‘ಅಲ್ಲಲ್ಲಿ ಮಳೆ’ ಎಂಬ ಜ್ಞಾನ

ನಾಳೆ ಮಳೆ ಬರುತ್ತದೆ ಎಂಬ ಮಾತು ಜ್ಞಾನವೋ ಬರಿಯ ಊಹೆಯೋ ಎಂಬ ಪ್ರಶ್ನೆ, ಭಾದ್ರಪದ ಮುಗಿದು ಆಶ್ವಯುಜ ಕಾಲಿಡುವ ಹೊತ್ತಿಗೆ ಪುಣೆಯಲ್ಲಿ ಮೊನಚಾಗುತ್ತದೆ. ಊರಿನವರು ‘ಅಕ್ಟೋಬರ್ ಹೀಟ್’ ಎಂದು ಕರೆಯುವ ಆ ಬಿಸಿಲಿನಲ್ಲಿ ಮಧ್ಯಾಹ್ನದವರೆಗೆ ತಿಳಿಯಾಗಿದ್ದ ಆಕಾಶದಲ್ಲಿ, ಒದ್ದೆ ನೆಲದಿಂದ ಎದ್ದ ಆವಿ ಸಂಜೆಗೆ ಗುಡುಗುಮೋಡವಾಗಿ ಕಟ್ಟಿ, ಒಂದು ಪೇಟೆ ತೊಯ್ದು ಪಕ್ಕದ ಪೇಟೆ ಒಣಗಿಯೇ ಉಳಿಯುವುದುಂಟು. 1875ರಲ್ಲಿ ಸ್ಥಾಪನೆಯಾದ ಭಾರತ ಹವಾಮಾನ ಇಲಾಖೆಯ ಕೇಂದ್ರ ಕಚೇರಿ 1928ರಲ್ಲಿ ಸಿಮ್ಲಾದಿಂದ ಇದೇ ಊರಿಗೆ ಬಂದು 1944ರಲ್ಲಿ ದೆಹಲಿಗೆ ಹೊರಟುಹೋದರೂ, ಶಿವಾಜಿನಗರದ ಆ ಕಟ್ಟಡ ಜನರ ಬಾಯಲ್ಲಿ ಇಂದಿಗೂ ‘ಸಿಮ್ಲಾ ಆಫೀಸ್’ ಆಗಿಯೇ ಉಳಿದಿದೆ.

ಆಡುಗನ್ನಡದಲ್ಲಿ ‘ಅನುಮಾನ’ ಎಂದರೆ ಸಂಶಯ. ನ್ಯಾಯಶಾಸ್ತ್ರದಲ್ಲಾದರೋ ಅದು ಸಂಶಯಕ್ಕೆ ತದ್ವಿರುದ್ಧವಾದದ್ದು: ಕಂಡ ಗುರುತಿನಿಂದ, ಅಂದರೆ ಲಿಂಗದಿಂದ, ಕಾಣದ ವಸ್ತುವನ್ನು ನಿಶ್ಚಯಿಸುವ ಪ್ರಮಾಣ, ಅಂದರೆ ಜ್ಞಾನದ ಸಾಧನ. ಅದಕ್ಕೆ ನ್ಯಾಯಸೂತ್ರದ ಭಾಷ್ಯಕಾರ ವಾತ್ಸ್ಯಾಯನ ಕೊಡುವ ಉದಾಹರಣೆಗಳಲ್ಲಿ ಮಳೆಯದೇ ಮೇಲುಗೈ ಎಂಬುದು ಗಮನಾರ್ಹ. ಮೇಲೇರುವ ಮೋಡದಿಂದ ಬರಲಿರುವ ಮಳೆಯನ್ನೂ ಉಕ್ಕಿದ ಹೊಳೆಯಿಂದ ಮೇಲ್ಗಡೆ ಸುರಿದುಹೋದ ಮಳೆಯನ್ನೂ ತಿಳಿಯುವುದು ಅನುಮಾನ. ನ್ಯಾಯಸೂತ್ರದ ಎರಡನೆಯ ಅಧ್ಯಾಯದ ಪೂರ್ವಪಕ್ಷಿ, ಅಂದರೆ ಆಕ್ಷೇಪ ಎತ್ತುವವನು, ಇದನ್ನು ಒಪ್ಪುವುದಿಲ್ಲ. ಹೊಳೆಯ ನೀರು ತಡೆಯಿಂದಲೂ ಏರಬಹುದು, ಮಳೆಯ ಗುರುತೆನ್ನುವಂತೆ ಇರುವೆಗಳು ಮೊಟ್ಟೆ ಹೊತ್ತು ಸಾಗುವುದು ಗೂಡು ಕೆಟ್ಟದ್ದರಿಂದಲೂ ಆಗಬಹುದು, ನವಿಲಿನ ಕೂಗನ್ನು ಮನುಷ್ಯನೇ ಅನುಕರಿಸಿರಬಹುದು. ಗುರುತು ಹೀಗೆ ಕೈಕೊಡುವುದಾದರೆ ಅನುಮಾನ ಪ್ರಮಾಣವಾಗುವುದೆಂತು ಎಂಬುದು ಅವನ ವಾದ.

ಈ ಆಕ್ಷೇಪದ ಬಲ ಪುಣೆಯ ಮುಠಾ ನದಿಯ ದಂಡೆಯಲ್ಲಿ ಕಣ್ಣಿಗೇ ಕಾಣುತ್ತದೆ. ಖಡಕವಾಸ್ಲಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಡೆಕ್ಕನ್ ಜಿಮ್ಖಾನಾದ ಬಳಿಯ ತಗ್ಗು ಸೇತುವೆ ಭಿಡೆ ಪೂಲ್, ನೆತ್ತಿಯ ಮೇಲೆ ಬಿಸಿಲಿದ್ದರೂ, ಕೆಂಪು ನೀರಿನಲ್ಲಿ ಮುಳುಗಿಹೋಗುತ್ತದೆ. ಆ ಹೊತ್ತಿಗೆ ಮೇಲ್ಗಡೆ ಮಳೆ ಸುರಿಯುತ್ತಿದೆ ಎಂದು ತೀರ್ಮಾನಿಸಿದವನು ತಪ್ಪಬಹುದು, ಏಕೆಂದರೆ ಅದು ದಿನಗಳ ಹಿಂದೆ ಬಿದ್ದು ಜಲಾಶಯದಲ್ಲಿ ನಿಂತಿದ್ದ ನೀರಾಗಿರಬಹುದು. 1961ರ ಜುಲೈ 12ರಂದು ಪಾನಶೆತ್ ಅಣೆಕಟ್ಟು ಒಡೆದು ನಗರಕ್ಕೆ ನುಗ್ಗಿದ ನೀರಿನ ಪ್ರಮಾಣವೂ ಆಕಾಶದ ಲೆಕ್ಕಕ್ಕೆ ಸಿಗುವಂಥದ್ದಾಗಿರಲಿಲ್ಲ.

ವಾತ್ಸ್ಯಾಯನನ ಉತ್ತರ ಸೊಗಸಾಗಿದೆ. ನೀರು ಏರಿದ್ದಷ್ಟೇ ಗುರುತಲ್ಲ. ಸೆಳವು ಹೆಚ್ಚಿ, ನೊರೆಯೆದ್ದು, ಹಣ್ಣು ಎಲೆ ಕಟ್ಟಿಗೆಗಳು ತೇಲಿಬರುತ್ತಿದ್ದರೆ ಆಗ ಮಾತ್ರ ಅದು ಮಳೆಯ ಗುರುತು, ಮತ್ತು ಅರೆಬರೆ ಗುರುತಿನಿಂದ ತೀರ್ಮಾನಿಸಿದ್ದು ಅನುಮಾತೃವಿನ, ಅಂದರೆ ಅನುಮಾನ ಮಾಡಿದವನ, ತಪ್ಪೇ ಹೊರತು ಅನುಮಾನದ್ದಲ್ಲ. ಹವಾಮಾನ ಇಲಾಖೆ ನಡೆಯುವುದೂ ಇದೇ ದಾರಿಯಲ್ಲಿ. ಪಶ್ಚಿಮ ರಾಜಸ್ಥಾನದಿಂದ ಮುಂಗಾರು ಹಿಂದೆ ಸರಿಯಿತು ಎನ್ನಲು ಒಂದು ಒಣದಿನ ಸಾಲದು. ಐದು ದಿನ ಸತತವಾಗಿ ಮಳೆ ನಿಂತಿರಬೇಕು, ಕೆಳಮಟ್ಟದ ವಾಯುವಿನಲ್ಲಿ ಪ್ರತಿಚಂಡಮಾರುತ, ಅಂದರೆ ಹೆಚ್ಚು ಒತ್ತಡದ ಸುತ್ತ ಹೊರಮುಖವಾಗಿ ಸುತ್ತುವ ಗಾಳಿ, ನೆಲೆಗೊಂಡಿರಬೇಕು, ತೇವಾಂಶವೂ ಗಣನೀಯವಾಗಿ ಇಳಿದಿರಬೇಕು. ಈ ಹಿಂದೆಗೆತದ ವಾಡಿಕೆಯ ದಿನಾಂಕವನ್ನು 2020ರಲ್ಲಿ ಸೆಪ್ಟೆಂಬರ್ 1ರಿಂದ 17ಕ್ಕೆ ಬದಲಿಸಿದ್ದು, ಗುರುತುಗಳ ಲೆಕ್ಕವನ್ನು ಕಾಲಕಾಲಕ್ಕೆ ತಿದ್ದಿಕೊಳ್ಳಬೇಕಾಗುತ್ತದೆ ಎಂಬುದಕ್ಕೆ ಸಾಕ್ಷಿ.

ಆದರೆ ಇಲಾಖೆ ಮತ್ತು ನೈಯಾಯಿಕರ ಹಾದಿ ಒಂದು ಕಡೆ ಕವಲೊಡೆಯುತ್ತದೆ. ನೈಯಾಯಿಕರಿಗೆ ಬೇಕಾದದ್ದು ವ್ಯಾಪ್ತಿ, ಎಂದರೆ ಹೊಗೆಯಿದ್ದಲ್ಲೆಲ್ಲ ಬೆಂಕಿಯಿದ್ದೇ ಇರುತ್ತದೆ ಎಂಬಂಥ ತಪ್ಪದ ಸಂಬಂಧ. ಇಲಾಖೆಯ ‘ಅಲ್ಲಲ್ಲಿ ಮಳೆ’ಗಾದರೆ ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ. 25ರವರೆಗೆ ಮಾತ್ರ ಮಳೆಯಾದೀತು ಎಂಬಷ್ಟೇ ಅರ್ಥ. ಬೆಂಕಿ ಬೇಕಾದವನು ಹೊಗೆ ಕಂಡು ಹೊರಡುವುದಕ್ಕೆ ಸಂಭಾವನೆ, ಅಂದರೆ ಇದ್ದೀತೆಂಬ ಭಾವ, ಸಾಕು, ನಿಶ್ಚಯ ಬೇಡ ಎಂದ ಚಾರ್ವಾಕನಿಗೆ ಉದಯನಾಚಾರ್ಯ ‘ನ್ಯಾಯಕುಸುಮಾಂಜಲಿ’ಯಲ್ಲಿ, ಸಂಭಾವನೆಯೆಂಬುದು ಸಂಶಯವೇ ಎಂದು ಉತ್ತರಿಸುತ್ತಾನೆ. ಆ ಉತ್ತರ ತರ್ಕಕ್ಕೆ ಸಂದರೂ ಹೊಲಕ್ಕೆ ಸಲ್ಲದು. ಕೊಯ್ದ ಸೋಯಾ ಅವರೆಯನ್ನು ಬಯಲಲ್ಲಿ ಹರಡಬೇಕೋ ತಾಡಪಾಲು ಹೊದಿಸಬೇಕೋ ಎಂದು ತೂಗುವ ರೈತನಿಗೆ ಹೆಚ್ಚೆಂದರೆ ನಾಲ್ಕರಲ್ಲೊಂದು ಪಾಲು ಎಂದು ಅಳತೆಯಾದ ಸಂಶಯವೂ, ಅಳತೆಯೇ ಇಲ್ಲದ ಸಂಶಯವೂ ಒಂದೇ ಅಲ್ಲ; ಅಳೆದ ಸಂಶಯಕ್ಕೆ ಶಾಸ್ತ್ರ ಬೇರೆ ಹೆಸರನ್ನೇ ಇಡಬೇಕಿತ್ತು. ಕನ್ನಡದ ಆಡುಮಾತು ಅನುಮಾನವನ್ನೂ ಸಂಶಯವನ್ನೂ ಒಂದಾಗಿಸಿದ್ದು, ಬಹುಶಃ ಅರಿವಿಲ್ಲದೆಯೇ, ಆ ಕಡೆಗಿಟ್ಟ ಹೆಜ್ಜೆ.

ಸೆಪ್ಟೆಂಬರ್ ಕೊನೆಗೆ ಸೂರ್ಯ ಹಸ್ತಾ ನಕ್ಷತ್ರಕ್ಕೆ ಬರುತ್ತಾನೆ; ಆಗ ಮಳೆ ಬರುತ್ತದೆ ಎಂಬುದು ಜನರ ಎಣಿಕೆ. ಸೂರ್ಯ ಎಂದೂ ತಪ್ಪುವುದಿಲ್ಲ, ಹಸ್ತೆಯ ಮಳೆ ತಪ್ಪುವುದುಂಟು, ಹಾಗಾಗಿ ನೈಯಾಯಿಕರ ಒರೆಗಲ್ಲಿಗೆ ಸೂರ್ಯನ ಆ ಪ್ರವೇಶ ಮಳೆಗೆ ದುರ್ಬಲ ಲಿಂಗ. ಆ ಹಸ್ತೆಯ ಹೆಸರನ್ನೇ ಹೊತ್ತ ಹದಗಾ ಅಥವಾ ಭೋಂಡ್ಲಾ ಆಟದಲ್ಲಿ ಪುಣೆಯ ಹುಡುಗಿಯರು ಆನೆಯ ಚಿತ್ರದ ಸುತ್ತ ಹಾಡುತ್ತ ಸುತ್ತಿದ ಮೇಲೆ, ಖಿರಾಪತ್ ಎಂಬ ತಿನಿಸನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು ಒಳಗೇನಿದೆ ಹೇಳಿರೆಂದು ಕೇಳುವುದು ರೂಢಿ. ಡಬ್ಬಿ ಅಲುಗಾಡಿಸಿದಾಗ ಕೇಳುವ ಸದ್ದೊಂದರಿಂದಲೇ ಒಬ್ಬಳು ಉಂಡೆ ಎನ್ನುತ್ತಾಳೆ, ಇನ್ನೊಬ್ಬಳು ಚಕ್ಕುಲಿ ಎನ್ನುತ್ತಾಳೆ, ಮತ್ತೊಬ್ಬಳು ಇನ್ನೊಮ್ಮೆ ಅಲುಗಾಡಿಸಿ ಎನ್ನುತ್ತಾಳೆ.