ಒಂದು ಪಿನ್ ಉಳಿದರೆ ಆಟ ಮುಗಿಯಿತೇ?

*ಇಂದಿನ ಧಮ್ಮ ಚಿಂತನೆ*





ಕಳೆದ ಭಾನುವಾರ ಅಧ್ಯಯನ ಸಭೆ ಮುಗಿಸಿ ಟೀ ಕುಡಿಯುತ್ತಾ ಕೂತಿದ್ದಾಗ, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವ ನಮ್ಮ ತಮ್ಮನೊಬ್ಬ ಒಂದು ವಿಷಯ ಹೇಳಿದ. ಆಫೀಸಿನವರು ಎಲ್ಲರನ್ನೂ ಮಾಲ್‌ಗೆ ಕರೆದುಕೊಂಡು ಹೋಗಿ ಬೌಲಿಂಗ್ ಆಡಿಸಿದರಂತೆ. ಕ್ರಿಕೆಟ್ಟಿನ ಬೌಲಿಂಗ್ ಅಲ್ಲ. ನುಣುಪಾದ ಉದ್ದನೆಯ ಹಾದಿಯ ಮೇಲೆ ಭಾರದ ಚೆಂಡನ್ನು ಉರುಳಿಸಿ, ಆ ತುದಿಯಲ್ಲಿ ನಿಲ್ಲಿಸಿದ ಹತ್ತು ಪಿನ್‌ಗಳನ್ನು ಕೆಡವುವ ಆಟ. ಇವನಿಗೆ ಬಂದ ಅಂಕ 62. ಪೂರ್ತಿ ಅಂಕ 300. "ಅಮೆರಿಕದಲ್ಲಿ ಈ 300ಕ್ಕಾಗಿ ಜನ ಜೀವಮಾನವಿಡೀ ಆಡ್ತಾರಂತೆ ಅಣ್ಣಾ. ಒಂದು ಆಟಕ್ಕೆ ಅಷ್ಟೊಂದಾ?" ಎಂದು ಕೇಳಿದ.

ನಾನೂ ಮನೆಗೆ ಬಂದು ಆ ಆಟದ ಬಗ್ಗೆ ಓದಿದೆ. ಓದುತ್ತಾ ಹೋದಂತೆ ನಮ್ಮ ಬಳಗವನ್ನು ಬಿಟ್ಟುಹೋದ ಒಬ್ಬ ಸಹೋದರರು ನೆನಪಾದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಯಾರು ಅಂತ ದಯವಿಟ್ಟು ಹುಡುಕಬೇಡಿ. ಹಾಗೆ ಬಿಟ್ಟುಹೋದವರು ಒಬ್ಬರೇ ಅಲ್ಲ.

*ಆ ಸಹೋದರರ ಮಾತು*

ಅವರು ಧಮ್ಮಚಕ್ರ ಪ್ರವರ್ತನ ದಿನದಂದು ದೀಕ್ಷೆ ಪಡೆದರು. ಇಪ್ಪತ್ತು ವರ್ಷದ ಕುಡಿತವನ್ನು ಅವತ್ತೇ ಬಿಟ್ಟರು. ಹನ್ನೊಂದು ತಿಂಗಳು ಒಂದು ಹನಿ ಮುಟ್ಟಲಿಲ್ಲ. ಮನೆಯಲ್ಲಿ ನೆಮ್ಮದಿ ಬಂತು, ಮಗಳ ಕಾಲೇಜು ಫೀಸು ಸಾಲವಿಲ್ಲದೆ ಕಟ್ಟಿದರು. ಆಮೇಲೆ ಹತ್ತಿರದ ಸಂಬಂಧಿಕರ ಬೀಗರ ಊಟ ಬಂತು. "ಇವತ್ತೊಂದಿನ ಏನಾಗಲ್ಲ" ಎಂದು ನಾಲ್ಕು ಜನ ಹಿಡಿದು ಕೂರಿಸಿದರು. ಕುಡಿದರು.

ಮರುದಿನ ಬೆಳಿಗ್ಗೆ ನಮ್ಮ ಗ್ರೂಪಿನಿಂದ ಹೊರಗೆ ಹೋದರು. ವಿಹಾರಕ್ಕೂ ಬರಲಿಲ್ಲ. ಮನೆಗೆ ಹೋಗಿ ಮಾತಾಡಿಸಿದಾಗ ಹೇಳಿದ್ದು ಇಷ್ಟು: "ಅಣ್ಣಾ, ಹನ್ನೊಂದು ತಿಂಗಳು ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂಗಾಯ್ತು. ಇನ್ಯಾವ ಮುಖ ಇಟ್ಕೊಂಡು ಶೀಲ ತಗೊಳ್ಳಲಿ? ಊರಲ್ಲಾಗಲೇ 'ಬುದ್ಧ ಆದೋರೂ ಇಷ್ಟೇ' ಅಂತ ನಗ್ತಾ ಇದ್ದಾರೆ."

ಆವತ್ತು ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ.

*300 ಎಷ್ಟು ಅಪರೂಪ?*

ಈಗ ಆಟದ ಲೆಕ್ಕ ನೋಡೋಣ. ಒಂದು ಆಟಕ್ಕೆ ಹತ್ತು ಸರದಿ. ಒಂದೊಂದು ಸರದಿಗೆ ಫ್ರೇಮ್ ಎನ್ನುತ್ತಾರೆ. ಎಸೆಯುವ ಗೆರೆಯಿಂದ ಮೊದಲ ಪಿನ್‌ಗೆ 60 ಅಡಿ ದೂರ. ಮೊದಲ ಚೆಂಡಿಗೇ ಹತ್ತೂ ಪಿನ್ ಬಿದ್ದರೆ ಅದು ಸ್ಟ್ರೈಕ್. ಕೊನೆಯ ಫ್ರೇಮಿನಲ್ಲಿ ಸ್ಟ್ರೈಕ್ ಬಂದರೆ ಇನ್ನೆರಡು ಚೆಂಡು ಸಿಗುತ್ತವೆ. ಹೀಗೆ ಸತತವಾಗಿ 12 ಸ್ಟ್ರೈಕ್ ಹೊಡೆದರೆ 300 ಅಂಕ. ಇದಕ್ಕೆ ಪರ್ಫೆಕ್ಟ್ ಗೇಮ್ ಎಂದು ಹೆಸರು.

ಅಮೆರಿಕದಲ್ಲಿ ಕಾರ್ಖಾನೆ ಕೆಲಸಗಾರರು, ಗುಮಾಸ್ತರು, ಅಂಗಡಿಯವರು ತಂಡ ಕಟ್ಟಿಕೊಂಡು ವಾರಕ್ಕೊಂದು ಸಂಜೆ ಈ ಆಟ ಆಡುತ್ತಾರೆ. ಅದೇ ಹವ್ಯಾಸಿ ಲೀಗ್. ಸಾಮಾನ್ಯವಾಗಿ ಒಂದು ಸಂಜೆಗೆ ಮೂರು ಆಟ.

ಹತ್ತು ಸಲ ಎಸೆದರೆ ಐದು ಸಲ ಸ್ಟ್ರೈಕ್ ಹೊಡೆಯುವಷ್ಟು ಪಳಗಿದ ಆಟಗಾರನನ್ನು ತೆಗೆದುಕೊಳ್ಳಿ. ಸತತ 12 ಸ್ಟ್ರೈಕ್ ಅವನಿಗೆ ಸಿಗುವುದು ಸರಾಸರಿ 4096 ಆಟಗಳಿಗೆ ಒಮ್ಮೆ. ವಾರಕ್ಕೆ ಮೂರು ಆಟದಂತೆ ಒಂದು ವಾರವೂ ತಪ್ಪದೆ ಆಡಿದರೆ 26 ವರ್ಷಕ್ಕೂ ಹೆಚ್ಚು! ಹತ್ತರಲ್ಲಿ ಮೂರು ಸಲ ಮಾತ್ರ ಸ್ಟ್ರೈಕ್ ಹೊಡೆಯುವ ಸಾಮಾನ್ಯ ಆಟಗಾರನಿಗೆ ಸುಮಾರು 19 ಲಕ್ಷ ಆಟಗಳಿಗೆ ಒಂದು. ಅಂದರೆ ಅವನ ಜೀವಮಾನದಲ್ಲಿ ಆಗದ ಮಾತು.

ಹಾಗಾದರೆ ಲಕ್ಷಾಂತರ ಜನ ಪ್ರತಿ ವಾರ ಯಾಕೆ ಆಡುತ್ತಾರೆ? 300 ಬಾರದಿದ್ದರೆ ಆಟ ಬಿಡಬೇಕು ಎಂಬ ನಿಯಮ ಅಲ್ಲಿಲ್ಲ. ಬದಲಿಗೆ ಇನ್ನೊಂದು ನಿಯಮ ಇದೆ. ಇಂದಿನ ಚಿಂತನೆ ಅದರ ಬಗ್ಗೆಯೇ.

*ಎರಡನೇ ಚೆಂಡು*

ಮೊದಲ ಚೆಂಡಿಗೆ ಎಲ್ಲ ಪಿನ್ ಬೀಳದಿದ್ದರೆ ಅದೇ ಫ್ರೇಮಿನಲ್ಲಿ ಎರಡನೇ ಚೆಂಡು ಕೊಡುತ್ತಾರೆ. ಉಳಿದ ಪಿನ್‌ಗಳನ್ನು ಅದರಿಂದ ಕೆಡವಿದರೆ ಸ್ಪೇರ್ ಎನ್ನುತ್ತಾರೆ. ಆಗ ಆ ಫ್ರೇಮಿಗೆ ಹತ್ತು ಅಂಕ, ಜೊತೆಗೆ ಮುಂದಿನ ಚೆಂಡಿನ ಅಂಕವೂ ಸೇರುತ್ತದೆ.

ಇಬ್ಬರು ಆಟಗಾರರನ್ನು ಕಲ್ಪಿಸಿಕೊಳ್ಳಿ. ಇಬ್ಬರೂ ಹತ್ತೂ ಫ್ರೇಮ್‌ಗಳಲ್ಲಿ ಮೊದಲ ಚೆಂಡಿಗೆ ಒಂಬತ್ತು ಪಿನ್ ಕೆಡವುತ್ತಾರೆ, ಒಂದು ಉಳಿಯುತ್ತದೆ. ಮೊದಲನೆಯವನು "ಅಯ್ಯೋ, ಸ್ಟ್ರೈಕ್ ತಪ್ಪಿತು" ಎಂದು ಬೇಸರದಲ್ಲಿ ಎರಡನೇ ಚೆಂಡನ್ನು ಗುರಿಯಿಲ್ಲದೆ ಬಿಸಾಕುತ್ತಾನೆ. ಅವನ ಅಂಕ 90. ಎರಡನೆಯವನು ಪ್ರತಿ ಸಲವೂ ಉಳಿದ ಒಂದು ಪಿನ್ನನ್ನು ಗಮನವಿಟ್ಟು ಕೆಡವುತ್ತಾನೆ. ಕೊನೆಗೆ ಸಿಗುವ ಒಂದು ಚೆಂಡಿನಲ್ಲೂ ಒಂಬತ್ತು. ಅವನ ಅಂಕ 190.

ಗಮನಿಸಿ ಬಂಧುಗಳೇ, ಎರಡನೆಯವನೂ ಒಂದೇ ಒಂದು ಸ್ಟ್ರೈಕ್ ಹೊಡೆದಿಲ್ಲ. ಹತ್ತು ಸಲವೂ ತಪ್ಪಿದ್ದಾನೆ. ಆದರೂ 190. ಇಬ್ಬರ ನಡುವಿನ ನೂರು ಅಂಕದ ಅಂತರ ಬಂದದ್ದು ತಪ್ಪಿದ ಮೇಲೆ ಏನು ಮಾಡಿದರು ಎಂಬುದರಿಂದ.

*ಸಮ್ಯಕ್ ವ್ಯಾಯಾಮದಲ್ಲೂ ಇದೇ ಇದೆ*

ತಥಾಗತರು ಸಮ್ಯಕ್ ವ್ಯಾಯಾಮವನ್ನು ನಾಲ್ಕು ಪ್ರಯತ್ನಗಳಾಗಿ ಹೇಳಿದ್ದಾರೆ. ಹುಟ್ಟದಿರುವ ಕೆಡುಕು ಹುಟ್ಟದಂತೆ ನೋಡಿಕೊಳ್ಳುವುದು. ಹುಟ್ಟಿದ ಕೆಡುಕನ್ನು ಬಿಡುವುದು. ಹುಟ್ಟದಿರುವ ಒಳಿತನ್ನು ಹುಟ್ಟಿಸುವುದು. ಹುಟ್ಟಿದ ಒಳಿತನ್ನು ಉಳಿಸಿ ಬೆಳೆಸುವುದು.

ಎರಡನೆಯದನ್ನು ಮತ್ತೊಮ್ಮೆ ಓದಿ. ಹುಟ್ಟಿದ ಕೆಡುಕನ್ನು ಬಿಡುವುದು. ತಪ್ಪೇ ಆಗದವರಿಗೆ ಮಾತ್ರ ಈ ಮಾರ್ಗ ಎಂದಿದ್ದರೆ ಈ ಪ್ರಯತ್ನವನ್ನು ಹೇಳುವ ಅಗತ್ಯವೇ ಇರಲಿಲ್ಲ. ಹಾದಿಯಲ್ಲಿ ನಡೆಯುವವನು ಎಡವುತ್ತಾನೆ ಎಂಬುದು ತಥಾಗತರಿಗೆ ಗೊತ್ತಿತ್ತು. ಎಡವಿದವನಿಗೂ ಮಾಡಬೇಕಾದ ಕೆಲಸವನ್ನು ಮಾರ್ಗದ ಒಳಗೇ ಇಟ್ಟರು.

ಪಂಚಶೀಲವನ್ನು ಹೇಳುವಾಗ ಪ್ರತಿ ಶೀಲದಲ್ಲೂ 'ಸಿಕ್ಖಾಪದ' ಎಂಬ ಪದ ಬರುತ್ತದೆ. ಸಿಕ್ಖಾ ಎಂದರೆ ಶಿಕ್ಷಣ, ಕಲಿಕೆ. ಸಿಕ್ಖಾಪದ ಎಂದರೆ ಕಲಿಕೆಯ ಹೆಜ್ಜೆ. ಮೇಲೆ ಕೂತ ಯಾವುದೋ ದೇವರು ಕೊಟ್ಟ ಕಟ್ಟಪ್ಪಣೆ ಅದಲ್ಲ, ಮೀರಿದರೆ ಶಾಪ ತಟ್ಟುವುದಿಲ್ಲ. ಅದಕ್ಕೇ ನಾವು ಶೀಲವನ್ನು ಒಮ್ಮೆ ತೆಗೆದುಕೊಂಡು ಸುಮ್ಮನಾಗದೆ, ಸೇರಿದಾಗಲೆಲ್ಲ ಮತ್ತೆ ಮತ್ತೆ ತೆಗೆದುಕೊಳ್ಳುತ್ತೇವೆ.

*ಹಾಗಾದರೆ ಪೂರ್ಣತೆ ಬೇಡವೇ?*

ಬೇಕು. 'ಬುದ್ಧ ಮತ್ತು ಅವನ ಧಮ್ಮ' ಗ್ರಂಥದಲ್ಲಿ ಬಾಬಾಸಾಹೇಬರು ಧಮ್ಮ ಎಂದರೇನು ಎಂದು ವಿವರಿಸುವಾಗ ಬದುಕಿನಲ್ಲಿ ಪೂರ್ಣತೆಯನ್ನು ಮುಟ್ಟುವುದನ್ನೂ ಸೇರಿಸಿದ್ದಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಹತ್ತು ಪಾರಮಿತೆಗಳನ್ನು ಪಾಲಿಸುವ ಪ್ರತಿಜ್ಞೆಯೂ ಇದೆ. ಶೀಲ, ದಾನ, ಉಪೇಕ್ಖಾ, ನೆಕ್ಖಮ್ಮ, ವಿರಿಯ, ಖಂತಿ, ಸಚ್ಚ, ಅಧಿಟ್ಠಾನ, ಕರುಣೆ, ಮೈತ್ರಿ. ಪಾರಮಿತೆ ಎಂದರೆ ಪೂರ್ಣತೆ.

ಆದರೆ ಅವುಗಳಿಗೆ ಆ ಹೆಸರು ಯಾಕೆ ಎಂಬುದಕ್ಕೆ ಅದೇ ಗ್ರಂಥದಲ್ಲಿ ಉತ್ತರ ಇದೆ. ಈ ಗುಣಗಳನ್ನು ಮನುಷ್ಯ ತನ್ನ ಶಕ್ತಿ ಇರುವಷ್ಟೂ ಆಚರಿಸಬೇಕು, ಅದಕ್ಕೇ ಅವು ಪಾರಮಿತೆಗಳು ಎಂಬುದು ಅದರ ಸಾರ. ಅಳತೆ ಯಾವುದು ನೋಡಿ. ಪೂರ್ತಿ ಅಂಕ ಅಲ್ಲ, ಪೂರ್ತಿ ಶಕ್ತಿ. 300 ಬರುವುದು ಎಲ್ಲ ಸಲ ನಮ್ಮ ಕೈಯಲ್ಲಿ ಇರುವುದಿಲ್ಲ. ಕೈಯಲ್ಲಿರುವ ಚೆಂಡನ್ನು ಪೂರ್ತಿ ಗಮನದಿಂದ ಎಸೆಯುವುದು ನಮ್ಮದೇ.

2010ರಲ್ಲಿ ಟೆಕ್ಸಾಸ್‌ನ ಪ್ಲೇನೊ ಊರಿನಲ್ಲಿ ಬಿಲ್ ಫಾಂಗ್ ಎಂಬ ಹವ್ಯಾಸಿ ಲೀಗ್ ಆಟಗಾರರು ಒಂದೇ ಸಂಜೆ ಸತತ 35 ಸ್ಟ್ರೈಕ್ ಹೊಡೆದರು. ಮೊದಲ ಆಟ 300, ಎರಡನೆಯದು 300. ಮೂರನೆಯದರ ಕಟ್ಟಕಡೆಯ ಚೆಂಡಿಗೆ ಒಂದು ಪಿನ್ ಉಳಿಯಿತು. 900 ಆಗಬೇಕಿದ್ದದ್ದು 899 ಆಯಿತು. ಆ ರಾತ್ರಿ ಅವರಿಗೆ ಪಾರ್ಶ್ವವಾಯು ತಗುಲಿತ್ತು ಎಂಬುದು ನಂತರ ವೈದ್ಯರಿಂದ ತಿಳಿಯಿತು. ಚೇತರಿಸಿಕೊಂಡ ಮೇಲೆ ಅವರು ಮತ್ತೆ ಅದೇ ಆಟಕ್ಕೆ ಮರಳಿದರು. ಉಳಿದ ಒಂದು ಪಿನ್ ನೋಡಿ, ಬಿದ್ದ 35 ಸ್ಟ್ರೈಕ್‌ಗಳನ್ನು ಸುಳ್ಳು ಎನ್ನುವವರು ಯಾರಾದರೂ ಇದ್ದಾರೆಯೇ? ಹಾಗೆಯೇ ಒಂದು ರಾತ್ರಿಯ ಕುಡಿತ ಹನ್ನೊಂದು ತಿಂಗಳ ಶೀಲವನ್ನು ಸುಳ್ಳು ಮಾಡುವುದಿಲ್ಲ.

*ಅಂಕ ಬರೆಯುವವರು ಯಾರು?*

ಆ ಸಹೋದರರ ಇನ್ನೊಂದು ನೋವು, ಊರಿನವರ ನಗೆ. ಇದು ನಮಗೆಲ್ಲ ಗೊತ್ತಿರುವ ನೋವು. ಮೇಲ್ಜಾತಿಯವನು ಕುಡಿದರೆ ಅವನೊಬ್ಬ ಕುಡಿದ. ನಮ್ಮವನು ಕುಡಿದರೆ ಇಡೀ ಕೇರಿ ಕುಡಿಯಿತು. ಒಬ್ಬನ ತಪ್ಪಿಗೆ ಎಲ್ಲರ ಹೆಸರು ಬರೆಯುವ ಪುಸ್ತಕ ಅದು. ನಾವು ಪರ್ಫೆಕ್ಟ್ ಆಗಿಯೇ ಇರಬೇಕು ಎಂಬ ಭಯ ಹುಟ್ಟುವುದು ಆ ಪುಸ್ತಕದಿಂದ, ಧಮ್ಮದಿಂದಲ್ಲ.

ಬೌಲಿಂಗ್‌ಗೂ ಅಂಥ ಒಂದು ಪುಸ್ತಕ ಇತ್ತು. ಲೀಗ್‌ಗಳನ್ನು ನಡೆಸಿ 300ಗಳಿಗೆ ಮಾನ್ಯತೆ ಕೊಡುತ್ತಿದ್ದ ಅಮೆರಿಕನ್ ಬೌಲಿಂಗ್ ಕಾಂಗ್ರೆಸ್, ಬಿಳಿಯ ಗಂಡಸರಿಗೆ ಮಾತ್ರ ಸದಸ್ಯತ್ವ ಎಂಬ ನಿಯಮವನ್ನು 1916ರಲ್ಲಿ ಮಾಡಿತು. ಕಪ್ಪು ಜನ ಎಷ್ಟೇ ಚೆನ್ನಾಗಿ ಆಡಿದರೂ ಆ ದಾಖಲೆಯಲ್ಲಿ ಅವರಿಗೆ ಜಾಗ ಇರಲಿಲ್ಲ. ಅವರು ಆಟ ಬಿಟ್ಟರೇ? ಇಲ್ಲ. 1939ರಲ್ಲಿ ಡೆಟ್ರಾಯಿಟ್‌ನಲ್ಲಿ ತಮ್ಮದೇ ಸಂಘ ಕಟ್ಟಿಕೊಂಡು ಆಡಿದರು. ಕಾರು ಕಾರ್ಖಾನೆಯ ಕಾರ್ಮಿಕ ಸಂಘದವರೂ ಅವರ ಜೊತೆ ನಿಂತು ಹೋರಾಡಿದರು. 1950ರಲ್ಲಿ ಆ ನಿಯಮ ಬಿತ್ತು. ನಮ್ಮನ್ನು ಹೊರಗಿಟ್ಟವರ ಪುಸ್ತಕದಲ್ಲಿ ನಮ್ಮ ಅಂಕ ಎಷ್ಟು ಎಂದು ನೋಡುತ್ತಾ ಕೂರಬಾರದು. ಬಾಬಾಸಾಹೇಬರು ನಮ್ಮನ್ನು ಆ ಪುಸ್ತಕದಿಂದ ಬಿಡಿಸಿ ಸಂಘಕ್ಕೆ ತಂದರು.

*ಸಂಘ ಮಾಡುವ ಕೆಲಸ*

ಇನ್ನೊಂದು ವಿಷಯ. 1960ರ ದಶಕದ ಕೊನೆಗೆ ಅಮೆರಿಕದ ಲೀಗ್‌ಗಳಲ್ಲಿ ವರ್ಷಕ್ಕೆ ಕೆಲವು ನೂರು 300 ಬರುತ್ತಿದ್ದವು. 1990ರ ದಶಕದ ಕೊನೆಗೆ ಹತ್ತಾರು ಸಾವಿರ. ಜನರ ತೋಳು ಗಟ್ಟಿಯಾದದ್ದಲ್ಲ. ಚೆಂಡಿನ ಹೊರಮೈ ಸುಧಾರಿಸಿತು, ಹಾದಿಗೆ ಎಣ್ಣೆ ಸವರುವ ಕ್ರಮ ಬದಲಾಯಿತು. ನಡುವೆ ಎಣ್ಣೆ ಹೆಚ್ಚು, ಅಂಚಿಗೆ ಕಡಿಮೆ. ತಿರುಗಿಸಿ ಎಸೆದ ಚೆಂಡು ಸ್ವಲ್ಪ ಅಂಚಿಗೆ ಸರಿದರೂ ಅಲ್ಲಿನ ಹಿಡಿತ ಅದನ್ನು ಮತ್ತೆ ಒಳಕ್ಕೆ ತಿರುಗಿಸುತ್ತದೆ.

ಇದಿದ್ದರೆ ಅದಾಗುತ್ತದೆ ಎಂಬುದೇ ಪಟಿಚ್ಚ ಸಮುಪ್ಪಾದ. ಬೀಗರ ಊಟದಲ್ಲಿ ಆ ಸಹೋದರರ ಪಕ್ಕ ಗ್ಲಾಸು ಹಿಡಿದ ನಾಲ್ಕು ಜನ ಇದ್ದರು, ಬಳಗದ ಒಬ್ಬರೂ ಇರಲಿಲ್ಲ. ತಪ್ಪು ಅವರದೇ, ಅದನ್ನು ಅವರೂ ಅಲ್ಲಗಳೆಯುವುದಿಲ್ಲ. ಆದರೆ ಅಂಚಿಗೆ ಸರಿದವನನ್ನು ಒಳಕ್ಕೆ ತಿರುಗಿಸುವ ಹಿಡಿತ ನಾವಾಗಬೇಕಿತ್ತು. ಅವರು ಗ್ರೂಪ್ ಬಿಟ್ಟ ದಿನ ಎಷ್ಟು ಜನ ಫೋನ್ ಮಾಡಿದೆವು? ನಾನೇ ಹೋಗಿದ್ದು ಮೂರು ವಾರದ ಮೇಲೆ. ಇದು ನನ್ನ ಲೆಕ್ಕದಲ್ಲಿ ಉಳಿದ ಪಿನ್.

ಒಂದು ಎಚ್ಚರಿಕೆಯೂ ಇರಲಿ. ಎರಡನೇ ಚೆಂಡು ಇದೆ ಎಂದು ಮೊದಲನೆಯದನ್ನು ಹೇಗೆ ಬೇಕಾದರೂ ಎಸೆಯುವುದು ಆಟ ಅಲ್ಲ. ಮದ್ಯ ಮುಟ್ಟುವುದಿಲ್ಲ ಎಂಬ ಪ್ರತಿಜ್ಞೆ ಇವತ್ತಿಗೂ ಅಷ್ಟೇ ಗಟ್ಟಿ. ಹತ್ತರಲ್ಲಿ ಐದು ಸ್ಟ್ರೈಕ್ ಹೊಡೆಯುವವನಿಗೆ 300 ಬರುವುದು 4096 ಆಟಕ್ಕೊಮ್ಮೆ ಎಂದೆನಲ್ಲ, ಅಭ್ಯಾಸದಿಂದ ಅದು ಏಳಕ್ಕೆ ಏರಿದರೆ 72 ಆಟಕ್ಕೊಮ್ಮೆ ಬರುತ್ತದೆ. ದಿನದಿನದ ಸಣ್ಣ ಅಭ್ಯಾಸ ಅಷ್ಟು ದೂರ ಒಯ್ಯುತ್ತದೆ. ವಿರಿಯ ಎಂದರೆ ಅದೇ.

ಮೊನ್ನೆ ಸಂಜೆ ಮತ್ತೆ ಅವರ ಮನೆಗೆ ಹೋಗಿ 90 ಮತ್ತು 190ರ ಲೆಕ್ಕವನ್ನು ಹಾಳೆಯ ಮೇಲೆ ಬರೆದು ತೋರಿಸಿದೆ. ಮಗಳೂ ಬಂದು ನೋಡಿದಳು, ಕೂಡಿಸಿ "ಸರಿ ಇದೆ ಅಪ್ಪ" ಎಂದಳು. ಬರುವ ಭಾನುವಾರ ಬರುತ್ತೇನೆ ಎಂದಿದ್ದಾರೆ.

*ಇಂದಿನ ಅಭ್ಯಾಸ*

1. ನಿಮ್ಮಿಂದ ಬಿಟ್ಟುಹೋದ ಒಂದು ಶೀಲವನ್ನು ನೆನಪಿಸಿಕೊಳ್ಳಿ. ಅದನ್ನು ಇವತ್ತು ಮತ್ತೆ ತೆಗೆದುಕೊಳ್ಳಿ.

2. ಬಳಗಕ್ಕೆ ಬರುವುದನ್ನು ನಿಲ್ಲಿಸಿದ ಒಬ್ಬರಿಗೆ ಇವತ್ತೇ ಫೋನ್ ಮಾಡಿ. ಮೆಸೇಜ್ ಸಾಲದು.

3. ಭಾನುವಾರ ಯಾರಾದರೂ ಬಹಳ ದಿನದ ಮೇಲೆ ಬಂದರೆ "ಎಲ್ಲಿ ಹೋಗಿದ್ರಿ?" ಎಂದು ಕೇಳಬೇಡಿ. ಸರಿದು ಪಕ್ಕದಲ್ಲಿ ಜಾಗ ಕೊಡಿ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.

ಜೈ ಭೀಮ್. ನಮೋ ಬುದ್ಧಾಯ.