ಕನ್ನಡಕ್ಕೆ ದಂಡ, ಇಂಗ್ಲಿಷಿಗೆ ಪಾಠ?

ಭದ್ರಾವತಿಯ ಓಲ್ಡ್ ಟೌನಿನಂಥ ಕಡೆ ಮಕ್ಕಳನ್ನು ಕಾನ್ವೆಂಟ್ ಹೈಸ್ಕೂಲಿಗೆ ಸೇರಿಸುವ ಅಪ್ಪ-ಅಮ್ಮ ಹುಡುಕುವುದು ತಮಗೆ ಮುಚ್ಚಿದ್ದ ಬಾಗಿಲಿನ ಕೀಲಿಕೈಯನ್ನು. ಆ ಆಸೆ ತಪ್ಪಲ್ಲ. ಆದರೆ ಇಂಗ್ಲಿಷ್ ಬರಲೆಂದು ಕನ್ನಡ ಆಡಿದ ಮಗುವಿಗೆ ದಂಡ ಹಾಕಬಹುದೇ?

ಆಡದೆ ಭಾಷೆ ಬಾರದೆಂಬ ವಾದದಲ್ಲಿ ಹುರುಳಿದೆ. ಆದರೆ ರೂಢಿ ಮಾಡಿಸುವುದು ಬೇರೆ, ನಾಚಿಕೆ ಕಲಿಸುವುದು ಬೇರೆ. ದಂಡ ತೆತ್ತ ಮಗು ಮೊದಲು ಕಲಿಯುವುದು ಇಂಗ್ಲಿಷನ್ನಲ್ಲ, ಅಮ್ಮನ ಮಾತು ಕೀಳೆಂಬುದನ್ನು.

ಕಥೋಲಿಕ ಪರಂಪರೆಯಲ್ಲೇ ಬೇರೆ ದಾರಿಯಿದೆ. 1579ರಲ್ಲಿ ಗೋವೆಗೆ ಬಂದ ಇಂಗ್ಲೆಂಡಿನ ಜೆಸ್ವಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ ಕೊಂಕಣಿ ಕಲಿತು, ಅದರ ವ್ಯಾಕರಣ ಬರೆದರು. ಅದು 1640ರಲ್ಲಿ ಅಚ್ಚಾಯಿತು. ಉದ್ದೇಶ ಮತಬೋಧನೆಯೇ ಇರಲಿ, ಕಲಿಸಬಂದವರು ಮೊದಲು ಕಲಿತರು.

ಇಂಗ್ಲಿಷ್ ಮೇಷ್ಟ್ರಿಗೂ ಅದೇ ಧರ್ಮ. ತನ್ನ ಮಾತಿಗೆ ಮರ್ಯಾದೆ ಸಿಕ್ಕ ಮಗು ತಪ್ಪಾಡಲು ಹೆದರದು. ಹೆದರದ ನಾಲಿಗೆಗೇ ಹೊಸ ಭಾಷೆ ಒಲಿಯುವುದು.