ನೆಲದ ಬೆಲೆ, ಟಿಕೆಟ್ಟಿನ ಬೆಲೆ

2025ರ ಫೆಬ್ರುವರಿಯಲ್ಲಿ ನಮ್ಮ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಸಾಲ ತೀರಿಸಬೇಕು, ಸಂಬಳ ಕೊಡಬೇಕು, ಕರೆಂಟಿಗೆ ಕಟ್ಟಬೇಕು. ಖರ್ಚಿನ ಈ ಲೆಕ್ಕವನ್ನು ನಾನು ಅನುಮಾನಿಸುವುದಿಲ್ಲ. ನನ್ನ ತಕರಾರಿರುವುದು ಅದರ ಹಿಂದಿನ ನಂಬಿಕೆಯ ಬಗ್ಗೆ. ರೈಲಿನ ಪ್ರಯೋಜನ ರೈಲು ಹತ್ತಿದವರಿಗೆ ಮಾತ್ರ, ಕೊರತೆ ಬಿದ್ದಾಗ ಕೈ ಹಾಕಬೇಕಾದದ್ದು ಅವರ ಜೇಬಿಗೇ ಎಂಬ ನಂಬಿಕೆ ಅದು.

ನಿಲ್ದಾಣದ ಪಕ್ಕದಲ್ಲಿ ಖಾಲಿ ನಿವೇಶನ ಇಟ್ಟುಕೊಂಡವರು ಒಂದು ದಿನವೂ ರೈಲು ಹತ್ತದಿರಬಹುದು. ಆದರೂ 'ಮೆಟ್ರೊಗೆ ಹತ್ತಿರ' ಎಂದು ಜಾಹೀರಾತು ಕೊಟ್ಟರೆ ಆ ನೆಲಕ್ಕೆ ಬರುವ ಬೆಲೆಯೇ ಬೇರೆ. ಆ ಏರಿಕೆಗಾಗಿ ಅವರು ಬೆವರು ಸುರಿಸಿಲ್ಲ. ಅದನ್ನು ಹುಟ್ಟಿಸಿದ್ದು ಸಾರ್ವಜನಿಕ ಹಣ, ಬೀದರಿನ ರೈತ ಕಟ್ಟಿದ ತೆರಿಗೆಯೂ ಸೇರಿದ ಹಣ. ಊರು ಬೆಳೆದಂತೆ ನೆಲಕ್ಕೆ ಕೂಡುವ ಬೆಲೆ ಊರಿಗೇ ಸೇರಬೇಕೆಂದು ಅಮೆರಿಕದ ಹೆನ್ರಿ ಜಾರ್ಜ್ 1879ರಲ್ಲೇ ವಾದಿಸಿದ್ದ.

ಇದು ನಮಗೂ ಹೊಸದಲ್ಲ. ನೀರಾವರಿಯಿಂದ ಬೆಲೆ ಹೆಚ್ಚಿದ ಜಮೀನಿನಿಂದ ವಂತಿಗೆ ಪಡೆಯುವ ಕಾನೂನು ನಮ್ಮ ರಾಜ್ಯದಲ್ಲಿ 1957ರಲ್ಲೇ ಬಂತು. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಬಿದ್ದ ಬೆಟರ್‌ಮೆಂಟ್ ಲೆವಿ ಅದೇ. ಕಾಲುವೆಯ ನೀರು ಸರಿಯಾಗಿ ತಲುಪದ ಹೊಲಗಳಿಂದಲೂ ಅದನ್ನು ಕೇಳಲಾಯಿತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳು ಸಿಡಿದೆದ್ದವು. ಗೋಲಿಬಾರಿಗೆ ರೈತರು ಬಲಿಯಾದರು. ಕೈಗೆ ಬಾರದ ಲಾಭಕ್ಕೆ ಕರ ಹಾಕುವುದು ಅನ್ಯಾಯವೆಂದು ಅವರು ಜೀವ ತೆತ್ತು ಹೇಳಿದರು. ಹಾಗಾದರೆ ಕೈಗೆ ಬಂದ ಲಾಭ? ನೀರು ಕಾಣದ ರೈತನನ್ನು ಕೇಳಿದಷ್ಟು ಗಟ್ಟಿಯಾಗಿ, ರೈಲು ಬಂದು ಕೋಟಿ ಎಣಿಸಿದ ನಗರದ ಭೂಮಾಲೀಕರನ್ನು ನಾವು ಕೇಳಿಲ್ಲ. ನನಗೆ ಸಹಿಸಲಾಗದ್ದು ಇದು.

ಪಿಂಚಣಿಯಲ್ಲಿ ಬದುಕುವ ಅಜ್ಜಿಯ ಹಳೇ ಮನೆಗೂ ಬೆಲೆ ಏರಿರುತ್ತದೆ, ಆಕೆ ಎಲ್ಲಿಂದ ತರಬೇಕು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಉತ್ತರವೂ ನರಗುಂದದಲ್ಲೇ ಇದೆ: ಲಾಭ ಕೈಗೆ ಬಂದಾಗ ಮಾತ್ರ ಕೇಳಬೇಕು. ನೆಲ ಮಾರಿದಾಗ, ಇಲ್ಲವೇ ಹೆಚ್ಚುವರಿ ಮಹಡಿಗಳಿಗೆ ಅನುಮತಿ ಬೇಡಿದಾಗ. ಒಂದೊಂದು ಬೀದಿಯ ಮಾರ್ಗಸೂಚಿ ಬೆಲೆಯೂ ಉಪನೋಂದಣಾಧಿಕಾರಿ ಕಚೇರಿಯಲ್ಲಿದೆ. ಮಾರ್ಗ ಘೋಷಣೆಯಾಗುವ ಮುಂಚಿನ ಬೆಲೆ, ಮಾರುವ ದಿನದ ಬೆಲೆ, ಇವೆರಡರ ಅಂತರದಲ್ಲಿ ಇಡೀ ನಗರದ ಸಾಮಾನ್ಯ ಏರಿಕೆಯನ್ನು ಕಳೆದು, ಉಳಿದುದರಲ್ಲಿ ಒಂದು ಪಾಲು ಪಡೆದರೆ ಯಾರ ಮನೆಯೂ ಹರಾಜಾಗದು.

ಹಾಂಗ್‌ಕಾಂಗ್‌ನಲ್ಲಿ ರೈಲು ಸಂಸ್ಥೆಯೇ ನಿಲ್ದಾಣಗಳ ಮೇಲೆ ವಸತಿ, ಮಳಿಗೆ ಕಟ್ಟಿಸಿ ಲಾಭ ಹಂಚಿಕೊಳ್ಳುತ್ತದೆ. ನಾನು ಅದನ್ನು ಪೂರ್ತಿ ಮೆಚ್ಚಲಾರೆ. ಮನೆಗಳು ದುಬಾರಿಯಾದಷ್ಟೂ ಗಳಿಸುವ ರೈಲು ಸಂಸ್ಥೆ ಬಾಡಿಗೆದಾರರ ಗೆಳೆಯನಾಗಲಾರದು. ಫ್ರಾನ್ಸಿನ ದಾರಿ ನನಗೆ ಹೆಚ್ಚು ಹಿಡಿಸುತ್ತದೆ. 1971ರಲ್ಲಿ ಪ್ಯಾರಿಸ್ ಪ್ರದೇಶದಲ್ಲಿ ಶುರುವಾಗಿ ಬೇರೆ ನಗರಗಳಿಗೂ ಹಬ್ಬಿದ ಅಲ್ಲಿನ ಸಾರಿಗೆ ತೆರಿಗೆಯನ್ನು ಕಟ್ಟುವವರು ಉದ್ಯೋಗದಾತರು, ಸಂಬಳದ ಮೊತ್ತದ ಮೇಲೆ. ಕೆಲಸಗಾರರನ್ನು ದಿನವೂ ಬಾಗಿಲಿಗೆ ತಂದು ಬಿಡುವ ಬಸ್ಸು ಕಂಪನಿಗೂ ದುಡಿಯುತ್ತಿದೆಯಲ್ಲ.

ನಮ್ಮಲ್ಲೂ ಕಂಪನಿಗಳು ಕೊಡುತ್ತಿವೆ. ಕೋನಪ್ಪನ ಅಗ್ರಹಾರ ನಿಲ್ದಾಣಕ್ಕೆ ಇನ್ಫೊಸಿಸ್ ಫೌಂಡೇಶನ್ 200 ಕೋಟಿ ರೂಪಾಯಿಯ ನೆರವು ಘೋಷಿಸಿತು. ಅದು ದೊಡ್ಡ ಮನಸ್ಸೇ. ಆದರೆ ದಾನದಲ್ಲಿ ಎಷ್ಟು, ಎಲ್ಲಿ, ಯಾವಾಗ ಎಂಬುದು ಕೊಡುವವರ ಇಷ್ಟ. ದೊಡ್ಡ ಕಂಪನಿಗಳಿಲ್ಲದ ಬಡಾವಣೆಯ ನಿಲ್ದಾಣಕ್ಕೆ ದಾನಿಗಳು ಯಾಕೆ ಬಂದಾರು? ಊರಿನಿಂದ ಪಡೆದದ್ದನ್ನು ಊರಿಗೆ ತೀರಿಸುವುದು ಬಾಕಿಯಾಗಿ ಕಾನೂನಿನಲ್ಲೇ ಇರಬೇಕು.

ಇಷ್ಟಾದರೂ ಒಂದು ಅಪಾಯ ಉಳಿಯುತ್ತದೆ. ನೆಲದ ಬೆಲೆಯನ್ನು ಕಣ್ಣಿಗೆ ಕಾಣುವಂತೆ ಏರಿಸುವುದು ರೈಲು; ಮನೆಗೆಲಸಕ್ಕೆ, ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು ಹತ್ತುವುದು ಬಿಎಂಟಿಸಿ ಬಸ್ಸು. ನೆಲದಿಂದ ಬಂದ ಹಣವೆಲ್ಲ ಮತ್ತೆ ರೈಲಿಗೇ ಹೋದರೆ ಬೆಲೆ ಏರಿದ ಬಡಾವಣೆಗಳಿಗೇ ಇನ್ನಷ್ಟು ಸೌಲಭ್ಯ ಸಿಗುತ್ತದೆ. ಬೆಂಗಳೂರಿಗೆ ಒಂದೇ ಭೂಸಾರಿಗೆ ಪ್ರಾಧಿಕಾರ ರಚಿಸುವ ಮಸೂದೆಯನ್ನು ವಿಧಾನಮಂಡಲ 2022ರಲ್ಲೇ ಅಂಗೀಕರಿಸಿದೆ. ಈ ಹಣವನ್ನು ಅದರ ಕೈಗೆ ಕೊಡಬೇಕು. ಅದರಲ್ಲಿ ಮೊದಲ ಪಾಲು ಬಸ್ಸಿನದೆಂದು ಕಾಯಿದೆಯಲ್ಲೇ ಬರೆಯಬೇಕು.